ಎಲ್ಲಿ ತೆಗೆದದ್ದು ಅಂತ ಮಾತ್ರ ಕೇಳಬೇಡಿ

ನಮೀಬಿಯಾಕ್ಕೆ ಹೊರಟಿದ್ದೇವೆ ಎಂದಾಗ ನಮ್ಮ ಬೀದಿಯ ಕೊನೆಯ ಮನೆಯ ಹುಡುಗ, ಐದನೇ ಕ್ಲಾಸಿನವನು, "ಚೀತಾ ಬಂದ ಊರಾ ಅಜ್ಜ?" ಎಂದು ಕೇಳಿದ. ಹೌದಪ್ಪ, ಅದೇ ಊರು. 2022ರ ಸೆಪ್ಟೆಂಬರ್ 17ರಂದು ಎಂಟು ಚೀತಾಗಳು ವಿಮಾನ ಹತ್ತಿ ಮಧ್ಯಪ್ರದೇಶದ ಕುನೋ ಕಾಡಿಗೆ ಬಂದದ್ದು ಅಲ್ಲಿಂದಲೇ. ಅವು ಬಂದ ದಾರಿಯಲ್ಲಿ ನಾವು ವಾಪಸು ಹೋಗುತ್ತಿದ್ದೇವೆ ಎಂದೆ. ಅವನಿಗೆ ಬಹಳ ಖುಷಿಯಾಯಿತು.

ನನಗೀಗ ಎಪ್ಪತ್ತಮೂರು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಪ್ರಮೋಷನ್ ತೆಗೆದುಕೊಂಡರೆ ಶಿವಮೊಗ್ಗ ಬಿಡಬೇಕು ಎಂಬ ಭಯಕ್ಕೆ ಬರೆದುಕೊಟ್ಟು ಉಳಿದವನು ದೇಶ ಬಿಟ್ಟು ಆಫ್ರಿಕಾಕ್ಕೆ ಹೋದದ್ದು ಮಗಳ ದೆಸೆಯಿಂದ. ಅವಳೂ ಅಳಿಯನೂ ನಾಲ್ಕು ವರ್ಷದಿಂದ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿದ್ದಾರೆ. ಅಲ್ಲಿ ಆಗಸ್ಟ್ ಎಂದರೆ ಚಳಿಗಾಲ, ಒಣಗಾಲ. ಮೊಮ್ಮಗಳಿಗೆ ರಜೆ ಶುರುವಾದ ಮಾರನೆಯ ದಿನವೇ ಐದು ಜನ, ಎರಡು ಹೆಚ್ಚುವರಿ ಟೈರು, ನನ್ನಾಕೆ ಕಟ್ಟಿದ ಚಕ್ಕುಲಿ ಡಬ್ಬಿ, ಅಳಿಯನ ದೊಡ್ಡ ಕ್ಯಾಮೆರಾ, ಎಲ್ಲ ಜೀಪಿಗೆ ತುಂಬಿಕೊಂಡು ಹೊರಟೆವು.

ಮಕ್ಕಳೇ, ಮೊದಲು ಆ ದೇಶದ ಲೆಕ್ಕ ನೋಡಿ. ನಮೀಬಿಯಾ ನಮ್ಮ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು. ಜನ ಮಾತ್ರ ಸುಮಾರು 30 ಲಕ್ಷ. ಜರ್ಮನರು ಆಳಿದರು, ಆಮೇಲೆ ದಕ್ಷಿಣ ಆಫ್ರಿಕಾದವರು ಆಳಿದರು, ಸ್ವಾತಂತ್ರ್ಯ ಬಂದದ್ದು 1990ರ ಮಾರ್ಚ್ 21ರಂದು. ವಾಹನಗಳು ನಮ್ಮ ಹಾಗೆ ಎಡಕ್ಕೇ ಓಡುತ್ತವೆ. ಆದರೆ ಎದುರಿನಿಂದ ಒಂದು ವಾಹನ ಬರಲು ಕೆಲವೊಮ್ಮೆ ಮುಕ್ಕಾಲು ಗಂಟೆ ಕಾಯಬೇಕು. ಬಂದರೆ ಕೈ ಬೀಸಿ ಹೋಗುತ್ತಾರೆ. ಜಲ್ಲಿ ರಸ್ತೆ, ಮೊದಲ ದಿನವೇ ಒಂದು ಟೈರು ಹೋಯಿತು.

ಫೋಟೊ ಹುಚ್ಚು ನನಗೆ ಹಳೆಯದು. 1983ರಲ್ಲಿ ಬಂದ ಅರಿಯರ್ಸ್ ಹಣದಲ್ಲಿ ಒಂದು ಯಾಶಿಕಾ ಕ್ಯಾಮೆರಾ ಕೊಂಡಿದ್ದೆ. ಆ ಹಣದಲ್ಲಿ ಹೊಲಿಗೆ ಯಂತ್ರ ಬರಬೇಕಿತ್ತು ಎಂದು ನನ್ನಾಕೆ ಇವತ್ತಿಗೂ ನೆನಪಿಸುತ್ತಾಳೆ. ಆಗ ಒಂದು ರೋಲಿಗೆ ಮೂವತ್ತಾರು ಚಿತ್ರ. ಎಂ. ವೈ. ಘೋರ್ಪಡೆ, ಟಿ. ಎನ್. ಎ. ಪೆರುಮಾಳ್ ಅವರಂಥವರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿ ಬಂದು, ನಾನೂ ತೆಗೆಯುತ್ತೇನೆ ಎಂದು ಸಕ್ರೆಬೈಲಿಗೆ ಹೋಗಿ ಆನೆಯ ಹಿಂಭಾಗ ಮಾತ್ರ ತೆಗೆದುಕೊಂಡು ಬರುತ್ತಿದ್ದೆ. ಒಂದೊಂದು ಕ್ಲಿಕ್ಕಿಗೂ ದುಡ್ಡು. ಹಾಗಾಗಿ ಒತ್ತುವ ಮುನ್ನ ಎರಡು ಸಲ ಯೋಚಿಸುವ ಅಭ್ಯಾಸ. ಮೊಮ್ಮಗಳಿಗೆ ಹನ್ನೆರಡು ವರ್ಷ. ಅವಳು ಒಂದು ಬೆಳಗ್ಗೆ ನಾನೂರು ಚಿತ್ರ ತೆಗೆದು, ರಾತ್ರಿ ಮುನ್ನೂರ ತೊಂಬತ್ತು ಅಳಿಸುತ್ತಾಳೆ. ಇಬ್ಬರಿಗೂ ದಾರಿಯುದ್ದಕ್ಕೂ ಇದೇ ಜಗಳ.

ಮೊದಲು ಹೋದದ್ದು ನಮೀಬ್ ಮರುಭೂಮಿಯ ಸೊಸುಸ್‌ಫ್ಲೈಗೆ. 'ನಮೀಬ್' ಎಂದರೆ ಅಲ್ಲಿನ ನಾಮಾ ಭಾಷೆಯಲ್ಲಿ ವಿಶಾಲವಾದ ಜಾಗ ಎಂದರ್ಥವಂತೆ. ಪ್ರಪಂಚದ ಬಹಳ ಹಳೆಯ ಮರುಭೂಮಿಗಳಲ್ಲಿ ಇದೂ ಒಂದು. ಇಲ್ಲಿನ ಮರಳು ಇಲ್ಲಿಯದಲ್ಲ. ಆರೆಂಜ್ ಎಂಬ ನದಿ ಅದನ್ನು ದೂರದಿಂದ ಹೊತ್ತು ತಂದು ಸಮುದ್ರಕ್ಕೆ ಹಾಕುತ್ತದೆ, ಸಮುದ್ರದ ಪ್ರವಾಹ ಉತ್ತರಕ್ಕೆ ತಳ್ಳುತ್ತದೆ, ಅಲೆ ದಡಕ್ಕೆ ಎಸೆಯುತ್ತದೆ, ಗಾಳಿ ಒಳನಾಡಿಗೆ ಒಯ್ಯುತ್ತದೆ. ಮರಳಿನಲ್ಲಿರುವ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಪಾಗುತ್ತದೆ. ಸಮುದ್ರದ ಹತ್ತಿರ ಮರಳು ತಿಳಿಬಣ್ಣ, ಒಳಗೆ ಬಂದ ಹಾಗೆ ಕಾವಿ ಬಣ್ಣ. ಹಳೆಯ ಮೊಳೆ ಹೆಚ್ಚು ಕೆಂಪಗಿರುವ ಹಾಗೆಯೇ.

ಅಲ್ಲಿ ಡೆಡ್‌ಫ್ಲೈ ಎಂಬ ಜಾಗವಿದೆ. ಜೀಪು ಸ್ವಲ್ಪ ದೂರದಲ್ಲಿ ನಿಲ್ಲಿಸಿ ಮರಳಿನಲ್ಲಿ ನಡೆದು ದಿಬ್ಬ ಇಳಿದರೆ ಕೆಳಗೆ ಸುಣ್ಣ ಸಾರಿಸಿದಂಥ ಬಿಳಿ ಜೇಡಿಮಣ್ಣಿನ ಅಂಗಳ. ಅದರ ತುಂಬ ಒಣಗಿ ಕಪ್ಪಾದ ಮರಗಳು ನಿಂತಿವೆ. ನಮ್ಮ ಜಾಲಿಯ ಬಳಗದವು. ಹಿಂದೆ ಒಂದು ಹೊಳೆ ಇಲ್ಲಿಗೆ ಬರುತ್ತಿತ್ತು. ಮರಳಗುಡ್ಡ ಬೆಳೆದು ದಾರಿ ಮುಚ್ಚಿತು. ಮರಗಳು ಸತ್ತು ನೂರಾರು ವರ್ಷವಾಗಿದೆ. ಆದರೆ ಕೊಳೆಯುವುದಕ್ಕೂ ನೀರು ಬೇಕಲ್ಲ! ಇಲ್ಲಿ ಅಷ್ಟೂ ತೇವ ಇಲ್ಲ. ಹಾಗಾಗಿ ಸತ್ತ ಮೇಲೂ ನಿಂತೇ ಇವೆ. ಅವನ್ನು ಮುಟ್ಟಬಾರದು, ಹತ್ತಬಾರದು.

ಈ ಮರಗಳದ್ದೊಂದು ಪ್ರಸಿದ್ಧ ಚಿತ್ರ ಇದೆ. ಫ್ರಾನ್ಸ್ ಲ್ಯಾಂಟಿಂಗ್ ಎಂಬ ಛಾಯಾಗ್ರಾಹಕ ತೆಗೆದದ್ದು. ನೋಡಿದವರು ಅದನ್ನು ಬಣ್ಣದಲ್ಲಿ ಬರೆದ ಚಿತ್ರ ಎಂದೇ ತಿಳಿಯುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ಹೇಗೆ ಬಂತು ಎಂಬುದು ಅಲ್ಲಿ ನಿಂತಾಗಲೇ ಅರ್ಥವಾದದ್ದು. ಬೆಳಗ್ಗೆ ಸೂರ್ಯ ಹುಟ್ಟಿದಾಗ ಬಿಸಿಲು ಮೊದಲು ಎದುರಿನ ಎತ್ತರದ ಗುಡ್ಡದ ಮೈಗೆ ಬೀಳುತ್ತದೆ, ಅದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಂಗಳ ಮಾತ್ರ ಇನ್ನೂ ನೆರಳಿನಲ್ಲಿ, ಆಕಾಶದ ಬೆಳಕಿಗೆ ಸ್ವಲ್ಪ ನೀಲಿ. ನಡುವೆ ಕಪ್ಪು ಮರ. ಕಣ್ಣಿಗೆ ದೂರ ಹತ್ತಿರ ಗೊತ್ತಾಗುವುದೇ ಇಲ್ಲ. ಬಿಸಿಲು ಅಂಗಳಕ್ಕೆ ಇಳಿದರೆ ಆಟ ಮುಗಿಯಿತು.

ಆ ಹೊತ್ತಿಗೆ ಸರಿಯಾಗಿ ನಾನೇನು ಮಾಡಿದೆ ಗೊತ್ತೇ? ಲೆನ್ಸ್ ಬದಲಿಸಲು ಹೋದೆ. ಗಾಳಿ ಬೀಸುತ್ತಿತ್ತು. ಅಳಿಯ ಮೊದಲೇ ಹೇಳಿದ್ದರು, "ಮಾವ, ಏನಿದ್ದರೂ ಜೀಪಿನೊಳಗೆ ಬದಲಿಸಿ" ಅಂತ. ಒಂದೇ ಒಂದು ಗಾಳಿ. ಹಿಟ್ಟಿನಂಥ ಮರಳು ಒಳಗೆ ಹೋಗಿ ಲೆನ್ಸ್ ತಿರುಗಿಸಿದರೆ ಕರಕರ ಸದ್ದು. ಅಲ್ಲಿಗೆ ದೊಡ್ಡ ಲೆನ್ಸಿನ ಕತೆ ಮುಗಿಯಿತು. ಅಳಿಯ ಪಾಪ, "ಪರವಾಗಿಲ್ಲ ಬಿಡಿ" ಅಂದರು. ಮಗಳು ನನ್ನ ಕಡೆ ನೋಡಲಿಲ್ಲ. ಆಮೇಲೆ ನನ್ನಾಕೆ ತಂಗಿದ್ದ ಕಡೆ ಸ್ನಾನದ ಮನೆಯಲ್ಲಿಟ್ಟಿದ್ದ ಪ್ಲಾಸ್ಟಿಕ್ ತಲೆಟೋಪಿಯನ್ನು ಕ್ಯಾಮೆರಾಗೆ ತೊಡಿಸಿದಳು. ಪ್ರವಾಸ ಮುಗಿಯುವವರೆಗೂ ಅದು ಹಾಗೇ ಇತ್ತು. ಮರಳು ಇರುವ ಕಡೆ ಹೋಗುವವರು ಈ ಉಪಾಯ ನೆನಪಿಡಬಹುದು. ಇನ್ನೊಂದು: ನಡು ಮಧ್ಯಾಹ್ನ ದೂರದ ಚಿತ್ರ ತೆಗೆಯಬೇಡಿ. ನೆಲದಿಂದ ಏಳುವ ಬಿಸಿಗಾಳಿಗೆ ಎಲ್ಲ ನೀರಿನಲ್ಲಿ ನೋಡಿದ ಹಾಗೆ ಅಲುಗುತ್ತದೆ. ಎಷ್ಟು ಬೆಲೆಯ ಕ್ಯಾಮೆರಾ ಆದರೂ ಅಷ್ಟೇ.

ಅಲ್ಲಿಂದ ಸಮುದ್ರತೀರದ ಸ್ವಾಕೊಪ್‌ಮುಂಡ್. ಜರ್ಮನರು ಕಟ್ಟಿದ ಊರು. ಒಂದು ಕಡೆ ಮರುಭೂಮಿ, ಇನ್ನೊಂದು ಕಡೆ ಹಿಮದಷ್ಟು ತಣ್ಣಗಿನ ಸಮುದ್ರ, ನಡುವೆ ಮಂಜು. ಮಳೆ ಇಲ್ಲದ ಈ ಸೀಮೆಯ ಜೀವಗಳು ಆ ಮಂಜನ್ನೇ ಕುಡಿದು ಬದುಕುತ್ತವೆ. ಒಂದು ಜಾತಿಯ ಕಪ್ಪು ಜೀರುಂಡೆ ಮಂಜು ಬಂದಾಗ ಮರಳದಿಬ್ಬದ ನೆತ್ತಿಗೆ ಹೋಗಿ, ತಲೆ ಕೆಳಗೆ ಮಾಡಿ ಬೆನ್ನನ್ನು ಗಾಳಿಗೆ ಒಡ್ಡಿ ನಿಲ್ಲುತ್ತದೆ. ಬೆನ್ನ ಮೇಲೆ ಹನಿಗೂಡಿದ ನೀರು ಜಾರಿ ನೇರ ಬಾಯಿಗೆ! ಆ ಚಿತ್ರ ನನಗೆ ಸಿಗಲಿಲ್ಲ. ಬದಲಿಗೆ ಮೊಮ್ಮಗಳು ಹೋಟೆಲ್ಲಿನ ಗೋಡೆಗೆ ಕಾಲು ಆನಿಸಿ ತಲೆಕೆಳಗಾಗಿ ನಿಂತು, ಬಾಯಿ ತೆರೆದು ತೋರಿಸಿದಳು. ಅದನ್ನು ತೆಗೆದಿದ್ದೇನೆ. ವೆಲ್ವಿಚಿಯಾ ಎಂಬ ಗಿಡವನ್ನೂ ನೋಡಿದೆವು. ಸಾವಿರ ವರ್ಷ ದಾಟಿದ ಗಿಡಗಳೂ ಇವೆಯಂತೆ. ಇಡೀ ಆಯುಸ್ಸಿಗೆ ಎರಡೇ ಎಲೆ. ಅವು ಬೆಳೆಯುತ್ತಾ, ಗಾಳಿಗೆ ಹರಿದು ಚಿಂದಿಯಾಗುತ್ತಾ ಇರುತ್ತವೆ. ನೋಡಲು ಹರಿದ ಚಾಪೆ ಬಿಸಾಕಿದ ಹಾಗಿದೆ. ನನ್ನಾಕೆ ಇದನ್ನು ನೋಡಲು ಇಷ್ಟು ದೂರ ಬಂದೆವಾ ಅಂದಳು.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಅಲ್ಲಿಂದ ವಾಯುವ್ಯಕ್ಕೆ ಹೋದೆವು. ಊರಿನ ಹೆಸರು ಬರೆಯುವುದಿಲ್ಲ, ಯಾಕೆ ಎಂದು ಮುಂದೆ ತಿಳಿಯುತ್ತದೆ. ಕಲ್ಲುಗುಡ್ಡ, ಒಣ ಹಳ್ಳ, ಕಳ್ಳಿ ಬಿಟ್ಟರೆ ಬೇರೇನೂ ಇಲ್ಲದ ಸೀಮೆ. ಬೇಲಿ ಇಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ. ಅಲ್ಲಿ ಕಪ್ಪು ಘೇಂಡಾಮೃಗಗಳು ತಮ್ಮ ಪಾಡಿಗೆ ತಿರುಗಾಡಿಕೊಂಡಿವೆ. ಪ್ರಪಂಚದಲ್ಲಿ ಉಳಿದಿರುವ ಕಪ್ಪು ಘೇಂಡಾಮೃಗಗಳು ಅತಿ ಹೆಚ್ಚು ಇರುವ ದೇಶಗಳಲ್ಲಿ ನಮೀಬಿಯಾ ಒಂದು. ನಾವು ಮುಟ್ಟಿದರೆ ಮೈ ಸುಡುವಂಥ ಹಾಲು ಸುರಿಸುವ ಕಳ್ಳಿಯನ್ನು ಅವು ಹುಲ್ಲಿನ ಹಾಗೆ ಮೇಯುತ್ತವೆ.

ನಮ್ಮ ಮಾರ್ಗದರ್ಶಿ ಆ ಕಡೆಯ ಡಮಾರಾ ಜನದ ಯುವಕ. ಅವರ ಭಾಷೆಯಲ್ಲಿ ಮಾತಿನ ನಡುವೆ ನಾಲಗೆಯ ಸದ್ದುಗಳಿವೆ. ಅಯ್ಯೋ ಪಾಪ ಎನ್ನುವಾಗ ನಾವು ಲೊಚಗುಟ್ಟುವ ಸದ್ದು ಒಂದು; ಎತ್ತು ಓಡಿಸುವಾಗ ದವಡೆಯ ಪಕ್ಕದಿಂದ ಹೊರಡಿಸುವ ಸದ್ದು ಇನ್ನೊಂದು. ನಮಗೆ ಅವು ಬರೀ ಸದ್ದು, ಅವರಿಗೆ ಅಕ್ಷರ. ಅವನ ಅಜ್ಜ 1980ರ ದಶಕದಲ್ಲಿ ಪ್ರಾಣಿಗಳ ಕಾವಲುಗಾರನಾಗಿದ್ದನಂತೆ. ಆಗ ಬರಗಾಲ, ಕಳ್ಳಬೇಟೆ ಎರಡೂ ಸೇರಿ ಅಲ್ಲಿ ಪ್ರಾಣಿಗಳೇ ಮುಗಿದುಹೋಗುವ ಸ್ಥಿತಿ. ಗಾರ್ತ್ ಓವನ್-ಸ್ಮಿತ್ ಎಂಬವರು ಊರಿನ ಮುಖ್ಯಸ್ಥರೊಂದಿಗೆ ಕುಳಿತು, ಅವರೇ ಆರಿಸಿದ ಸ್ಥಳೀಯರನ್ನು ಕಾವಲಿಗೆ ಹಾಕಿದರು. ಅವರಲ್ಲಿ ಹಿಂದೆ ಬೇಟೆಯಾಡಿದವರೂ ಇದ್ದರು. ಈ ಕೆಲಸಕ್ಕೆ ಓವನ್-ಸ್ಮಿತ್ ಮತ್ತು ಮಾರ್ಗರೆಟ್ ಜೇಕಬ್‌ಸನ್ ಅವರಿಗೆ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. "ನನ್ನ ಅಜ್ಜ ಕಾದದ್ದನ್ನು ನಾನು ತೋರಿಸುತ್ತಿದ್ದೇನೆ" ಎಂದ ಹುಡುಗ.

ಬೆಳಗಿನ ಜಾವ ಹೊರಟು, ಹೆಜ್ಜೆಗುರುತು ಹಿಡಿದು, ಮೂರು ಗಂಟೆಯ ನಂತರ ಇಳಿದು ನಡೆದೆವು. ಘೇಂಡಾಮೃಗಕ್ಕೆ ಕಣ್ಣು ಮಂದ, ಮೂಗು ಕಿವಿ ಬಹಳ ಚುರುಕು. ಅವನು ಮರಳು ಹಿಡಿದು ಬಿಟ್ಟು ಗಾಳಿ ಯಾವ ಕಡೆ ಎಂದು ಮತ್ತೆ ಮತ್ತೆ ನೋಡುತ್ತಿದ್ದ. ಕೆಮ್ಮುವ ಹಾಗಿಲ್ಲ. ನನ್ನಾಕೆ ಕುಂಕುಮ ಬಣ್ಣದ ಸ್ವೆಟರ್ ಬಿಚ್ಚಿಟ್ಟು ಮಗಳ ಮಾಸಲು ಶಾಲು ಹೊದ್ದಿದ್ದಳು. ಕೊನೆಗೆ ಒಂದು ಬಂಡೆಯ ಹಿಂದೆ ಕುಳಿತು ಅವನು ಕೈ ತೋರಿಸಿದ ಕಡೆ ನೋಡಿದರೆ, ದೂರದಲ್ಲಿ ಕಳ್ಳಿಯ ಪಕ್ಕ ಒಂದು ಬೂದು ಬಂಡೆ ಕಿವಿ ಆಡಿಸಿತು.

ಹೊರಡುವ ಮುಂಚೆಯೇ ಅವನು ಎಲ್ಲರಿಗೂ ಒಂದು ಮಾತು ಹೇಳಿದ್ದ: "ಫೋನುಗಳಲ್ಲಿ ಲೊಕೇಶನ್ ಆಫ್ ಮಾಡಿ. ಚಿತ್ರದ ಜೊತೆ ಜಾಗದ ಗುರುತು ಹೋಗಬಾರದು." ಆಮೇಲೆ ಒಬ್ಬೊಬ್ಬರನ್ನೂ ಕೇಳಿದ, ಆಯಿತಾ? ನಾನು ತಲೆಯಾಡಿಸಿದೆ. ನನಗೆ ಅದನ್ನು ಎಲ್ಲಿ ಒತ್ತಿ ಆಫ್ ಮಾಡುವುದು ಎಂದು ಗೊತ್ತಿರಲಿಲ್ಲ. ಮೊಮ್ಮಗಳನ್ನು ಕೇಳಬಹುದಿತ್ತು. ಲೆನ್ಸ್ ಕೆಡಿಸಿಕೊಂಡು ಒಮ್ಮೆ ಮುಖ ಸಣ್ಣದಾಗಿತ್ತಲ್ಲ, ಮತ್ತೆ ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು.

ಕ್ಯಾಮೆರಾದಿಂದ ಪ್ರಯೋಜನವಿಲ್ಲ ಎಂದು ತಿಳಿದು ಆ ಹುಡುಗನೇ ನನ್ನ ಫೋನು ತೆಗೆದುಕೊಂಡು ತನ್ನ ದುರ್ಬೀನಿನ ಕಣ್ಣಿಗೆ ಹಚ್ಚಿ ಹಿಡಿದ, ನಾನು ಒತ್ತಿದೆ. ಎಂಥ ಚಿತ್ರ ಬಂತು! ಹುಕ್ಕಿನ ಹಾಗೆ ಬಾಗಿದ ಮೇಲ್ದುಟಿಯಲ್ಲಿ ಕಳ್ಳಿಯ ಕಡ್ಡಿ, ಕಿವಿಯ ಮೇಲೆ ಬೆಳಗಿನ ಬಿಸಿಲು. ಆದರೆ ಮೂಗಿನ ಮೇಲೆ ಕೊಂಬಿಲ್ಲ, ಬರೀ ಮೊಂಡು. ಮೊಮ್ಮಗಳಿಗೆ ನಿರಾಸೆ. ಕಳ್ಳಬೇಟೆಗಾರರು ಬರದಿರಲಿ ಎಂದು ಅರಿವಳಿಕೆ ಕೊಟ್ಟು ಕೊಂಬು ಕತ್ತರಿಸುತ್ತಾರೆ. 1989ರಲ್ಲಿ ಈ ಕ್ರಮವನ್ನು ಮೊದಲು ಶುರು ಮಾಡಿದ್ದೇ ನಮೀಬಿಯಾ. ಕೊಂಬು ನಮ್ಮ ಉಗುರಿನ ಹಾಗೆ, ಕತ್ತರಿಸಿದರೆ ನೋವಿಲ್ಲ, ಮತ್ತೆ ಬೆಳೆಯುತ್ತದೆ. ಉಗುರಿನ ಪುಡಿಗೆ ಔಷಧಿ ಗುಣ ಎಷ್ಟೋ ಇದಕ್ಕೂ ಅಷ್ಟೇ, ಆದರೂ ಅದಕ್ಕೆ ಚಿನ್ನದಂಥ ಬೆಲೆ ಕೊಡುವವರಿದ್ದಾರೆ. ಮೊಂಡು ಕೊಂಬಿಗಾಗಿಯೂ ಕೊಲ್ಲುತ್ತಾರಂತೆ. ನಮ್ಮ ಅಸ್ಸಾಮಿನಲ್ಲಿ 2021ರಲ್ಲಿ ಸರ್ಕಾರವೇ ಸುಮಾರು 2,500 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟು ಹಾಕಿದ್ದು ಇದಕ್ಕೆ ಬೆಲೆ ಇಲ್ಲ ಎಂದು ತೋರಿಸಲಿಕ್ಕೇ.

ಮಾರನೆಯ ದಿನ ಒಂದು ಪೆಟ್ರೋಲ್ ಬಂಕಿನಲ್ಲಿ ನೆಟ್‌ವರ್ಕ್ ಸಿಕ್ಕಿತು. ಊರಿನಲ್ಲಿ ನಮ್ಮದೊಂದು ಫೋಟೊ ಗೆಳೆಯರ ವಾಟ್ಸಾಪ್ ಗುಂಪಿದೆ, ಅರವತ್ತನಾಲ್ಕು ಜನ. ಸುಮ್ಮನೆ ಕಳಿಸಿದರೆ ಚಿತ್ರ ಮಸುಕಾಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಬೇಕು ಎಂದು ಒಬ್ಬರು ಕಲಿಸಿದ್ದರು. ಹಾಗೇ ಕಳಿಸಿದೆ. ಕೆಳಗೆ ದೊಡ್ಡದಾಗಿ 'ನನ್ನ ಸ್ವಂತ ಕ್ಲಿಕ್' ಎಂದು ಬರೆದೆ.

ಅಂದು ಸಂಜೆ ಇಟೋಶಾ ರಾಷ್ಟ್ರೀಯ ಉದ್ಯಾನಕ್ಕೆ ಬಂದೆವು. ಒಣಗಾಲದಲ್ಲಿ ಪ್ರಾಣಿಗಳನ್ನು ಹುಡುಕುವುದೇ ಬೇಡ. ನೀರಿನ ಹೊಂಡದ ಹತ್ತಿರ ಸುಮ್ಮನೆ ಕುಳಿತರೆ ಅವೇ ಬರುತ್ತವೆ. ಒಕಾಕೆಯೊ ಶಿಬಿರದ ಹೊಂಡಕ್ಕೆ ರಾತ್ರಿ ದೀಪ ಹಾಕಿರುತ್ತಾರೆ. ತಗ್ಗು ಗೋಡೆಯ ಈಚೆ ಬೆಂಚು, ಆಚೆ ಆನೆ. ಬಿಳಿ ಮಣ್ಣು ಮೆತ್ತಿಕೊಂಡ ಆನೆಗಳು ದೀಪದ ಬೆಳಕಿನಲ್ಲಿ ಸುಣ್ಣದ ಗೊಂಬೆಗಳ ಹಾಗೆ ಕಾಣುತ್ತಿದ್ದವು. ನೂರು ಜನ ಕುಳಿತಿದ್ದರೂ ಪಿಸುಮಾತಿಲ್ಲ. ಮೊಮ್ಮಗಳು ನನ್ನ ಫೋನಿನಲ್ಲಿ ಚಿತ್ರಗಳನ್ನು ನೋಡುತ್ತಿದ್ದವಳು ನನ್ನ ತೋಳು ಹಿಡಿದಳು.

"ಅಜ್ಜ, ನೀನು ಲೊಕೇಶನ್ ಆಫ್ ಮಾಡಿರ್ಲಿಲ್ವಾ?"

ಘೇಂಡಾಮೃಗದ ಚಿತ್ರದ ಕೆಳಗೆ ಒಂದು ನಕ್ಷೆ. ನಕ್ಷೆಯ ಮೇಲೆ ಕೆಂಪು ಚುಕ್ಕೆ. ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ ಎಲ್ಲ ಇತ್ತು. ನೆಟ್‌ವರ್ಕ್ ಇಲ್ಲದಿದ್ದರೂ ಫೋನು ಉಪಗ್ರಹದಿಂದ ಜಾಗ ತಿಳಿಯುತ್ತದೆ ಎಂದು ಅವಳು ಹೇಳಿದಾಗಲೇ ನನಗೆ ಗೊತ್ತಾದದ್ದು. ಸುಮ್ಮನೆ ಫೋಟೊ ಆಗಿ ಕಳಿಸಿದ್ದರೆ ವಾಟ್ಸಾಪ್ ಆ ಗುರುತನ್ನು ತೆಗೆದುಹಾಕುತ್ತಿತ್ತಂತೆ. ಡಾಕ್ಯುಮೆಂಟ್ ಆಗಿ ಕಳಿಸಿದ್ದರಿಂದ ಎಲ್ಲವೂ ಹಾಗೇ ಹೋಗಿತ್ತು.

ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ. ಒಂದು ಮ್ಯಾನೇಜರ್ ಬಳಿ, ಇನ್ನೊಂದು ಹೆಡ್ ಕ್ಯಾಶಿಯರ್ ಬಳಿ. ಅಷ್ಟು ವರ್ಷ ಅದರ ಪಕ್ಕದಲ್ಲೇ ಕುಳಿತು ಕೆಲಸ ಮಾಡಿದವನು, ಓದದೆ ಸಹಿ ಹಾಕಿದ ಗಿರಾಕಿಗಳಿಗೆ ಬುದ್ಧಿ ಹೇಳಿದವನು, ಇಲ್ಲಿ ಕೇಳದೆ ತಲೆಯಾಡಿಸಿ ಕೀಲಿಯನ್ನು ಅರವತ್ತನಾಲ್ಕು ಜನರ ಕೈಗೆ ಹಂಚಿದ್ದೆ.

ಮೊಮ್ಮಗಳು ಬೈಯಲಿಲ್ಲ. ಗುಂಪಿನಿಂದ ಎಲ್ಲರಿಗೂ ಅಳಿಸುವ ಹಾಗೆ ಅಳಿಸಿದಳು. ಆದರೆ ಅಷ್ಟರಲ್ಲಿ ಮೂವತ್ತೆಂಟು ಜನ ನೋಡಿಯಾಗಿತ್ತು. ಇಳಿಸಿಕೊಂಡವರು ಯಾರು, ಮುಂದೆ ಕಳಿಸಿದವರು ಯಾರು? ಒಬ್ಬೊಬ್ಬರಿಗೂ ಫೋನು ಮಾಡೋಣ ಎಂದಳು. ಅಲ್ಲಿ ರಾತ್ರಿ ಎಂಟು, ಶಿವಮೊಗ್ಗದಲ್ಲಿ ಹನ್ನೊಂದೂವರೆ. ಶಿಬಿರದ ಕಚೇರಿಯ ಬಳಿ ಸಿಗ್ನಲ್ ಹಿಡಿದು ನಿಂತು, ಅವಳು ಹೆಸರು ಓದಿದ ಹಾಗೆ ನಾನು ಕರೆದೆ. ನಡುರಾತ್ರಿ ಆಫ್ರಿಕಾದಿಂದ ಫೋನು ಎಂದರೆ ಏನೆಂದುಕೊಳ್ಳಬೇಡ? ಒಬ್ಬರ ಮನೆಯವರು ಅಳುವುದಕ್ಕೇ ಶುರು ಮಾಡಿದರು. ನನಗೇನೂ ಆಗಿಲ್ಲ ತಾಯಿ, ಒಂದು ಫೋಟೊ ಅಳಿಸಬೇಕು ಎಂದರೆ ಅರ್ಥವೇ ಆಗಲೊಲ್ಲದು. ಇಬ್ಬರು ಬೇರೆ ಗುಂಪಿಗೆ ಕಳಿಸಿದ್ದರು. ಅವರೂ ಪಾಪ ಎದ್ದು ಕುಳಿತು ಅಳಿಸಿದರು. ನಾವು ಹೀಗೆ ಗೋಗರೆಯುತ್ತಿದ್ದಾಗ ಹೊಂಡಕ್ಕೆ ಒಂದು ಘೇಂಡಾಮೃಗ ತನ್ನ ಮರಿಯೊಂದಿಗೆ ಬಂದು ನೀರು ಕುಡಿದು ಹೋಯಿತಂತೆ. ನನ್ನಾಕೆ ಒಬ್ಬಳೇ ನೋಡಿದ್ದು. ಅವಳ ಬಳಿ ಕ್ಯಾಮೆರಾ ಇರಲಿಲ್ಲ.

ಮಾರನೆಯ ಬೆಳಗ್ಗೆ ಆ ಹುಡುಗನಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಮಗಳು ಬೇಡ ಅಂದಿದ್ದಳು. ಸಂಜೆ ಉತ್ತರ ಬಂತು: ಆ ಗಂಡು ಈಗ ಬೇರೆ ಹಳ್ಳಕ್ಕೆ ದಾಟಿದೆ, ಕಾವಲಿನವರಿಗೆ ತಿಳಿಸಿದ್ದೇನೆ, ಕೆಲವು ವಾರ ಆ ಕಡೆ ಹೆಚ್ಚು ಓಡಾಡುತ್ತಾರೆ, ಹೇಳಿದ್ದಕ್ಕೆ ಥ್ಯಾಂಕ್ಸ್. ನನ್ನ ಒಂದು ತಲೆಯಾಡಿಸುವಿಕೆಗೆ ಅಲ್ಲಿ ಯಾರೋ ಬಿಸಿಲಿನಲ್ಲಿ ವಾರಗಟ್ಟಲೆ ಹೆಚ್ಚು ನಡೆಯಬೇಕಾಯಿತು.

ಮೂವತ್ತೆಂಟರಲ್ಲಿ ಮೂವತ್ತೇಳು ಜನ ಅಳಿಸಿದ್ದೇವೆ ಎಂದರು. ಒಬ್ಬರು ಮಾತ್ರ ಫೋನೂ ಎತ್ತಲಿಲ್ಲ, ಆಮೇಲೆ ಗುಂಪನ್ನೇ ಬಿಟ್ಟರು. ಅರ್ಧರಾತ್ರಿ ಕರೆದದ್ದಕ್ಕೆ ಸಿಟ್ಟೋ, ಬೇರೇನೋ.

ಮೊಮ್ಮಗಳು ನನಗೆ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ಫೋನಿನಲ್ಲಿ ಒಂದು ಚಿತ್ರ ತೆರೆದು ಮೇಲಕ್ಕೆ ಸವರಿ, ಅಥವಾ 'ವಿವರ' ಎಂಬಲ್ಲಿ ಒತ್ತಿ. ನಕ್ಷೆ ಕಂಡರೆ ಜಾಗದ ಗುರುತು ಅದರೊಳಗಿದೆ ಎಂದರ್ಥ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು. ಗೊತ್ತಾಗದಿದ್ದರೆ ಮನೆಯ ಮಕ್ಕಳನ್ನು ಕೇಳಿ. ಮಕ್ಕಳೇ, ಅಜ್ಜ ಅಜ್ಜಿ ಕೇಳಿದಾಗ ನಗಬೇಡಿ. ಹೇಳಿಕೊಟ್ಟು, ಮಾಡಿದರೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿ; ನಾವು ಸುಮ್ಮನೆ ತಲೆಯಾಡಿಸುವುದುಂಟು.

ಆ ಚಿತ್ರವನ್ನು ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೇನೆ. ಪಕ್ಕದಲ್ಲಿ ತಲೆಕೆಳಗಾದ ಮೊಮ್ಮಗಳು. ಬೀದಿಯ ಹುಡುಗ ಮೊನ್ನೆ ಬಂದವನು ಬಹಳ ಹೊತ್ತು ನೋಡಿ, "ಇದು ಎಲ್ಲಿ ಅಜ್ಜ?" ಎಂದ.

"ನಮೀಬಿಯಾದಲ್ಲಿ."

"ನಮೀಬಿಯಾದಲ್ಲಿ ಎಲ್ಲಿ?"

"ಕರ್ನಾಟಕದ ನಾಲ್ಕು ಪಟ್ಟು ಇದೆ ಕಣೋ ಅದು," ಎಂದು ಅವನ ಕೈಗೆ ಒಂದು ಚಕ್ಕುಲಿ ಕೊಟ್ಟೆ.